ಚಲಚ್ಚಿತ್ರದಲ್ಲಿ ಹೆಣ್ಣಿನ ಮಾತು

ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಹುಟ್ಟೂರು ಅದು. ಕೌಶಿಕರಾಜನನ್ನು ತೊರೆದು, ಉಟ್ಟದ್ದನ್ನೂ ಕಳಚಿ, ತನ್ನ ನೀಳವಾದ ಕೂದಲನ್ನೇ ಹೊದ್ದು ಆಕೆ ಕಲ್ಯಾಣಕ್ಕೆ ನಡೆದಳೆಂದು ಪರಂಪರೆ ಹೇಳುತ್ತದೆ. ಇನ್ನು ನೆರೆಯ ಸೊರಬ ತಾಲ್ಲೂಕಿಗೆ ಬನ್ನಿ. ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ಹರಕೆ ಹೊತ್ತ ಹೆಂಗಸರು ವರದಾ ನದಿಯಲ್ಲಿ ಮಿಂದು, ಬೆತ್ತಲೆಯಾಗಿ ಗುಡ್ಡವೇರುವ ಪದ್ಧತಿಯಿತ್ತು. 1986ರಲ್ಲಿ ಅದನ್ನು ತಡೆಯಹೋದವರ ಮೇಲೆ, ಪೊಲೀಸರ ಮೇಲೂ, ಹಲ್ಲೆಯಾಯಿತು. ಅನಂತರ ಸರ್ಕಾರ ಈ ಸೇವೆಯನ್ನು ನಿಷೇಧಿಸಿತು.

ಅಕ್ಕನದು ಆಕೆಯೇ ಆರಿಸಿಕೊಂಡ ದಾರಿ. ಚಂದ್ರಗುತ್ತಿಯಲ್ಲಿ ಅದು ಎಷ್ಟು ಜನರ ಸ್ವಂತ ಆಯ್ಕೆಯಾಗಿತ್ತೋ ಹೇಳುವುದು ಕಷ್ಟ. ಹೆಣ್ಣಿನ ಮೈಯ ಮೇಲೆ ಅಧಿಕಾರ ಯಾರದು ಎಂಬ ಈ ಪ್ರಶ್ನೆಯನ್ನು ನಮ್ಮ ಚಲಚ್ಚಿತ್ರಗಳೂ ಕೇಳಿವೆ. ಇದೇ ಜಿಲ್ಲೆಯ ತೀರ್ಥಹಳ್ಳಿ ಸೀಮೆಯ ಇಬ್ಬರು ಲೇಖಕರ ಕಥೆಗಳು ಅದಕ್ಕೆ ಆಧಾರವಾದವು.

ಯು. ಆರ್. ಅನಂತಮೂರ್ತಿಯವರ ಕಥೆಯಿಂದ ಗಿರೀಶ ಕಾಸರವಳ್ಳಿಯವರು 1977ರಲ್ಲಿ 'ಘಟಶ್ರಾದ್ಧ' ತೆಗೆದರು. ಬಹಳ ದೊಡ್ಡ ಚಿತ್ರ, ಸಂದೇಹವಿಲ್ಲ. ಬಸಿರಾದ ವಿಧವೆ ಯಮುನಕ್ಕನನ್ನು ನಾಣಿ ಎಂಬ ಹುಡುಗನ ಕಣ್ಣಿನಿಂದ ನಾವು ನೋಡುತ್ತೇವೆ. ತಲೆ ಬೋಳಿಸಿಕೊಂಡು, ಬಹಿಷ್ಕೃತಳಾಗಿ ಆಕೆ ಮರದಡಿ ಒಬ್ಬಳೇ ಕೂರುವಲ್ಲಿಗೆ ಕಥೆ ನಿಲ್ಲುತ್ತದೆ.

ಪ್ರೇಮಾ ಕಾರಂತರ 'ಫಣಿಯಮ್ಮ' (1983) ಹೆಚ್ಚುಕಡಿಮೆ ಅಲ್ಲಿಂದಲೇ ಮೊದಲಾಗುತ್ತದೆ ಎನ್ನಬಹುದು. ಎಂ. ಕೆ. ಇಂದಿರಾ ಅವರ 1976ರ ಕಾದಂಬರಿ ಇದಕ್ಕೆ ಮೂಲ. ನಿಜವಾಗಿ ಬಾಳಿದ್ದ ಒಬ್ಬ ಹೆಂಗಸಿನ ಕಥೆ. ಚಿಕ್ಕಂದಿನಲ್ಲೇ ಮದುವೆ, ಹಿಂದೆಯೇ ವೈಧವ್ಯ, ಮೈನೆರೆದೊಡನೆ ಕೇಶಮುಂಡನ. ಬೋಳುತಲೆ ಇಲ್ಲಿ ಕಥೆಯ ಮುಕ್ತಾಯವಲ್ಲ. ಅದರ ಆಚೆಗೆ ಒಂದು ದೀರ್ಘ ಆಯುಷ್ಯವಿದೆ. ಮನೆಯ ದುಡಿಮೆಯಿದೆ, ಮಡಿಯಿದೆ. ಕೀಳುಜಾತಿಯೆನಿಸಿಕೊಂಡವಳ ಹೆರಿಗೆಗೆ ಮಡಿಯನ್ನು ಬದಿಗಿಟ್ಟು ನೆರವಾಗುವ ಧೈರ್ಯವೂ ಇದೆ. ಎಲ್. ವಿ. ಶಾರದಾ ಅವರ ಫಣಿಯಮ್ಮ ಹೆಚ್ಚು ಮಾತಾಡುವವಳಲ್ಲ. ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳೆನೆಂದು ಹಟ ಹಿಡಿದಾಗ, ಹಿರಿಯರೆಲ್ಲ ರೇಗುತ್ತಿರಲು, ಅವಳ ಪರ ನಿಲ್ಲುವವಳು ತನಗೆ ಆ ಮಾತನ್ನಾಡುವ ಅವಕಾಶವೇ ಸಿಗದಿದ್ದ ಈ ಮುದುಕಿ. ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಪ್ರೇಮಾ ಅವರು ಅದಕ್ಕೆ ಮುಂಚೆ ರಂಗಭೂಮಿಯಲ್ಲಿ ದುಡಿದವರು, ಚಿತ್ರಗಳಿಗೆ ವಸ್ತ್ರವಿನ್ಯಾಸ ಮಾಡಿದವರು. ಉಡುಗೆ ಹೆಣ್ಣನ್ನು ಹೇಗೆ ಕಟ್ಟಿಹಾಕುತ್ತದೆಂಬುದು ಅವರಿಗೆ ಗೊತ್ತಿರಲೇಬೇಕು.

ಇದೇ ದಶಕದಲ್ಲಿ ದೂರದ ಚೀನಾದಲ್ಲೂ ಒಬ್ಬ ನಿರ್ದೇಶಕಿ ಇಂಥದೇ ಕೆಲಸಕ್ಕೆ ಕೈಹಾಕಿದ್ದರು. ಹುವಾಂಗ್ ಶುಚಿನ್ ಎಂಬವರ 1987ರ 'ರೆನ್ ಗುಯಿ ಚಿಂಗ್' ಚಿತ್ರವನ್ನು ಚೀನಾದ ಮೊದಲ ಸ್ತ್ರೀವಾದಿ ಚಿತ್ರವೆಂದು ಹಲವು ವಿಮರ್ಶಕರು ಗಣಿಸುತ್ತಾರೆ. ಅದರ ನಾಯಕಿ ಗೀತನಾಟಕದ ನಟಿ. ದೆವ್ವಗಳನ್ನು ಅಡಗಿಸುವ ಜೋಂಗ್ ಕುಯಿಯ ಗಂಡುವೇಷ ಅವಳದು. ಯಕ್ಷಗಾನದಲ್ಲಿ ಗಂಡಸರು ಕಟ್ಟುವ ಸ್ತ್ರೀವೇಷವನ್ನು ಕಂಡ ನಮಗೆ ಇದು ತಿರುವುಮುರುವಾಗಿ ತೋರುತ್ತದೆ. ಕೊನೆಯಲ್ಲಿ ಆ ಜೋಂಗ್ ಕುಯಿ ಅವಳಿಗೆ ಮದುವೆ ಮಾಡಿಸಲು ಬರುತ್ತಾನೆ. ತಾನು ರಂಗಭೂಮಿಯನ್ನೇ ಮದುವೆಯಾಗಿರುವೆನೆಂದು ಅವಳ ಉತ್ತರ. ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡನೆಂದು ಸಾರಿದ ಉಡುತಡಿಯ ಮಗಳು ವಾಚಕರಿಗೆ ನೆನಪಾದಾಳು. ಒಲಿದದ್ದಕ್ಕೆ ಇವರಿಬ್ಬರೂ ಮದುವೆಯ ಹೆಸರನ್ನೇ ಏಕೆ ಕೊಡಬೇಕಾಯಿತು? ಫಣಿಯಮ್ಮನಂತೂ ಯಾವ ಹೆಸರನ್ನೂ ಕೊಡಲಿಲ್ಲ. ಎದ್ದು ಬಾಣಂತಿಯ ಬಳಿಗೆ ಹೋದಳು.