ಸೈಕಲ್ ಮೇಲೆ ಬಂದ ಬ್ರ್ಯಾಂಡ್

1997ನೇ ಇಸವಿ. ಆಗ ಫೇಸ್‌ಬುಕ್ ಇರಲಿಲ್ಲ, ಯೂಟ್ಯೂಬ್ ಇರಲಿಲ್ಲ, ಇನ್‌ಸ್ಟಾಗ್ರಾಮ್ ಅನ್ನೋ ಹೆಸರೇ ಹುಟ್ಟಿರಲಿಲ್ಲ. ಅಮೆರಿಕದ ‘ಫಾಸ್ಟ್ ಕಂಪನಿ’ ಅನ್ನೋ ಮ್ಯಾಗಜೀನ್‌ನಲ್ಲಿ ಟಾಮ್ ಪೀಟರ್ಸ್ ಅನ್ನೋ ಮ್ಯಾನೇಜ್‌ಮೆಂಟ್ ಲೇಖಕ ಒಂದು ಲೇಖನ ಬರೆದ. ಅದರ ಹೆಸರು ‘ದಿ ಬ್ರ್ಯಾಂಡ್ ಕಾಲ್ಡ್ ಯು’. ತಿರುಳು ಇಷ್ಟೇ: ಶೂಗೆ, ಸೋಪಿಗೆ, ಕಾರಿಗೆ ಬ್ರ್ಯಾಂಡ್ ಇದ್ದ ಹಾಗೆ ನಿನಗೂ ಒಂದು ಬ್ರ್ಯಾಂಡ್ ಬೇಕು. ನಿನ್ನ ಕಂಪನಿಗೆ ನೀನೇ ಸಿಇಒ.

ಪರ್ಸನಲ್ ಬ್ರ್ಯಾಂಡ್ ಅನ್ನೋ ಮಾತು ಜಗತ್ತಿನ ಬಾಯಿಗೆ ಬಿದ್ದಿದ್ದು ಹಾಗೆ. ಇವತ್ತು ನಾನು ಯಾವ ಕಾಲೇಜಿಗೆ ಹೋದರೂ ಹುಡುಗರು ಕೇಳೋ ಮೊದಲ ಪ್ರಶ್ನೆ ಅದೇ. ಸರ್, ಫಾಲೋವರ್ಸ್ ಹೆಚ್ಚು ಮಾಡ್ಕೊಳ್ಳೋದು ಹೇಗೆ? ರೀಲ್ಸ್ ವೈರಲ್ ಆಗಬೇಕಂದ್ರೆ ಏನು ಮಾಡಬೇಕು? ಸುದ್ದಿ ಹೇಗೆ ಓದಬೇಕು, ವರದಿ ಹೇಗೆ ಬರೆಯಬೇಕು ಅಂತ ಕೇಳುವವರು ಹತ್ತರಲ್ಲಿ ಒಬ್ಬರು.

ಹುಡುಗರನ್ನ ಬೈದು ಪ್ರಯೋಜನವಿಲ್ಲ. ಮಾರುಕಟ್ಟೆ ಅವರಿಗೆ ಕಲಿಸಿರೋದೇ ಅದು. ನನಗೂ ಒಂದು ಏಜೆನ್ಸಿಯವರು ಒಮ್ಮೆ ರೇಟ್ ಕಾರ್ಡ್ ಕಳಿಸಿದ್ದರು. ಇಷ್ಟು ಫಾಲೋವರ್ಸ್ ಇದ್ದರೆ ಒಂದು ಪೋಸ್ಟಿಗೆ ಇಷ್ಟು, ವಿಡಿಯೋಗೆ ಇಷ್ಟು, ಸ್ಟೋರಿಗೆ ಇಷ್ಟು. ತರಕಾರಿ ಮಂಡಿಯ ದರಪಟ್ಟಿಯ ಹಾಗೆ ನೀಟಾಗಿತ್ತು. ಇಷ್ಟು ವರ್ಷ ಕ್ಯಾಮೆರಾ ಮುಂದೆ ನಾನು ಏನು ಹೇಳಿದ್ದೀನಿ, ಅದರಲ್ಲಿ ಎಷ್ಟು ನಿಜವಾಯ್ತು ಅನ್ನೋದಕ್ಕೆ ಆ ಕಾರ್ಡಿನಲ್ಲಿ ಒಂದು ಕಾಲಂ ಕೂಡ ಇರಲಿಲ್ಲ!

ಹಾಗಾದರೆ ಹೆಸರು ಅಂದ್ರೆ ಏನು? ಪ್ರಭಾವ ಅಂದ್ರೆ ಏನು? ಇದಕ್ಕೆ ಉತ್ತರ ಹುಡುಕೋದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಕಲ್ಯಾಣಕ್ಕೆ ಹೋದರೆ ಸಾಕು.

ಹನ್ನೆರಡನೇ ಶತಮಾನ. ವಚನಕಾರರು ತಮ್ಮ ಪ್ರತಿ ವಚನಕ್ಕೂ ಒಂದು ಅಂಕಿತ ಹಾಕ್ತಿದ್ದರು. ಬಸವಣ್ಣನವರದ್ದು ಕೂಡಲಸಂಗಮದೇವ. ಅಲ್ಲಮಪ್ರಭುವಿನದ್ದು ಗುಹೇಶ್ವರ. ಅಕ್ಕಮಹಾದೇವಿಯದ್ದು ಚೆನ್ನಮಲ್ಲಿಕಾರ್ಜುನ. ಎಂಟುನೂರು ವರ್ಷ ಕಳೆದ ಮೇಲೂ ಇದು ಯಾರ ಮಾತು ಅಂತ ನಾವು ಗುರುತಿಸೋದು ಆ ಅಂಕಿತದಿಂದಲೇ. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ, ಅದು ಅವರ ಬ್ಲೂ ಟಿಕ್. ಫೇಕ್ ಅಕೌಂಟ್ ಕಾಟವೂ ಇವತ್ತಿನದಲ್ಲ. ದೊಡ್ಡವರ ಅಂಕಿತ ಹಾಕಿ ಆಮೇಲೆ ಯಾರೋ ಸೇರಿಸಿದ ವಚನಗಳನ್ನ ವಿದ್ವಾಂಸರು ಬೇರ್ಪಡಿಸಬೇಕಾಯ್ತು. ಅವಕ್ಕೆ ಪ್ರಕ್ಷಿಪ್ತ ವಚನ ಅಂತಾರೆ.

ಈಗ ಒಂದು ವಿಷಯ ಗಮನಿಸಿ. ಬಸವಣ್ಣನವರ ಅಂಕಿತದಲ್ಲಿ ಬಸವಣ್ಣ ಇಲ್ಲ. ಅಕ್ಕನ ಅಂಕಿತದಲ್ಲಿ ಅಕ್ಕ ಇಲ್ಲ. ಸಹಿ ಹಾಕೋ ಜಾಗವನ್ನ ಅವರು ತಮ್ಮ ದೇವರಿಗೆ ಬಿಟ್ಟುಕೊಟ್ಟಿದ್ದರು. ಆದರೂ ನಾವು ಅವರನ್ನ ಮರೆತಿಲ್ಲ.

ಎಲ್ಲರೂ ಹಾಗೇ ಮಾಡಿದರಾ? ಇಲ್ಲ. ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡ. ಬರೀ ಹೆಸರಲ್ಲ, ಕಸುಬನ್ನೂ ಸೇರಿಸಿದ. ನಾನು ದೋಣಿ ನಡೆಸುವವನು, ಈ ಮಾತಿಗೆ ನಾನೇ ಹೊಣೆ ಅಂತ ಎದೆ ತಟ್ಟಿ ಹೇಳಿದ ಹಾಗೆ. ಢಾಂಬಿಕರ ಮುಖಕ್ಕೆ ಹೊಡೆದ ಹಾಗೆ ಮಾತಾಡುವವನು ಹೆಸರು ಮುಚ್ಚಿಡಬಾರದಲ್ವಾ? ಹೆಸರು ಹಾಕಿಕೊಳ್ಳೋದು ತಪ್ಪಲ್ಲ. ಹೆಸರಿನ ಹಿಂದೆ ಹೊಣೆ ಇದೆಯಾ ಅನ್ನೋದು ಮುಖ್ಯ.

ಇನ್ನು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರ್ತಿದ್ದ. ಅದರಲ್ಲೇ ದಾಸೋಹ. ಒಂದು ದಿನ ಅವನು ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಳಗೆ ಸೇರಿಸಲಿಲ್ಲ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂದಳು ಅನ್ನೋದು ಕಥೆ. ಆಕೆಯ ವಚನಗಳು ನಮಗೆ ಸಿಕ್ಕಿರೋದು ಇಪ್ಪತ್ತೈದರ ಆಸುಪಾಸು. ದಿನಕ್ಕೆ ಮೂರು ಪೋಸ್ಟ್ ಹಾಕುವವನ ಲೆಕ್ಕದಲ್ಲಿ ಅದು ಎಂಟೊಂಬತ್ತು ದಿನದ ಸರಕು! ಆದರೆ ಅತಿಯಾಸೆಯ ಮಾತು ಬಂದಾಗಲೆಲ್ಲ ಇವತ್ತಿಗೂ ನಮಗೆ ಲಕ್ಕಮ್ಮ ನೆನಪಾಗ್ತಾಳೆ.

ಇಷ್ಟೆಲ್ಲ ನಮಗೆ ಗೊತ್ತಾಗಿದ್ದು ಹೇಗೆ? ಇಲ್ಲಿದೆ ನೋಡಿ ಅಸಲಿ ಕಥೆ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಈ ವಚನಗಳಲ್ಲಿ ಬಹುಪಾಲು ಜನರ ಕಣ್ಣಿಗೆ ಬೀಳ್ತಾ ಇರಲಿಲ್ಲ. ಮಠಗಳಲ್ಲಿ, ಹಳ್ಳಿ ಮನೆಗಳಲ್ಲಿ ತಾಳೆಗರಿ ಕಟ್ಟುಗಳಾಗಿ ಕೂತಿದ್ದವು. ಕೆಲವು ಕಡೆ ಪೂಜೆ ಆಗ್ತಿತ್ತು, ಕೆಲವು ಕಡೆ ಹುಳ ತಿಂತಿತ್ತು. ಆಗ ಬಂದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ನಮಗೆಲ್ಲ ಗೊತ್ತಿರೋ ಹಾಗೆ, ಫ.ಗು. ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಮುಂಬೈನಲ್ಲಿ ಓದಿದರು, ವಕೀಲರಾದರು, ಬಿಜಾಪುರಕ್ಕೆ ಬಂದು ನೆಲೆಸಿದರು. ಕರಿ ಕೋಟು ಹಾಕ್ಕೊಂಡು ಕೋರ್ಟಿಗೆ ಹೋಗಿ ನಾಲ್ಕು ಕಾಸು ಮಾಡಿಕೊಂಡು ಆರಾಮಾಗಿ ಇರಬಹುದಿತ್ತು. ಅವರು ಹಾಗೆ ಇರಲಿಲ್ಲ. 1910ರಲ್ಲಿ ಬಿಎಲ್‌ಡಿಇ ಸಂಸ್ಥೆ ಕಟ್ಟೋದಕ್ಕೆ ನಿಂತರು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕ್ ಶುರು ಮಾಡಿಸಿದರು. ಇದರ ನಡುವೆ ತಾಳೆಗರಿಗಳ ಹುಚ್ಚು.

ಊರೂರು ಅಲೆದರು. ಮನೆ ಮನೆ ಬಾಗಿಲು ತಟ್ಟಿದರು. ಸಿಕ್ಕ ಕಟ್ಟುಗಳನ್ನ ಬಿಚ್ಚಿ, ಓದಿ, ನಕಲು ಮಾಡಿ, ಒಂದಕ್ಕೊಂದು ಹೋಲಿಸಿ ಪಾಠ ಸಿದ್ಧ ಮಾಡಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಗೆ ಬಂತು. ಮುಂದೆ ಮುದ್ರಣಕ್ಕೆ ಬೇರೆಯವರನ್ನ ಕಾಯೋದು ಬೇಡ ಅಂತ ಅವರೇ ಒಂದು ಪ್ರೆಸ್ ಹಾಕಿದರು. ಹಿತಚಿಂತಕ ಮುದ್ರಣಾಲಯ. ಅದಕ್ಕೆ ದುಡ್ಡು? ಸ್ವಂತ ಮನೆ ಮಾರಿದರು! 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವ ಕರ್ನಾಟಕ’ ವಾರಪತ್ರಿಕೆ. ಮನೆ ಮಾರಿದವರು ಬಾಡಿಗೆ ಮನೆಯಲ್ಲಿದ್ದರು, ಓಡಾಟಕ್ಕೆ ಒಂದು ಸೈಕಲ್ಲು. ಆ ಸೈಕಲ್ಲೇ ಅವರ ಗುರುತಾಯ್ತು.

ಇದನ್ನ ಇವತ್ತಿನ ಲೆಕ್ಕಕ್ಕೆ ಹಾಕಿ ನೋಡಿ. ಕಂಟೆಂಟ್ ಯಾರದ್ದು? ಶರಣರದ್ದು. ಅಂಕಿತ ಯಾರದ್ದು? ಶರಣರ ದೇವರದ್ದು. ಹಳಕಟ್ಟಿಯವರ ಪಾಲಿಗೆ ಬಂದಿದ್ದು ಹುಡುಕಾಟ, ಸಾಲ, ಪ್ರೂಫ್ ತಿದ್ದೋ ಕೆಲಸ. ಇದು ಯಾವ ಮಾರ್ಕೆಟಿಂಗ್ ಪುಸ್ತಕದ ಪ್ರಕಾರವೂ ದಿವಾಳಿ ಬಿಸಿನೆಸ್. ಆದರೆ ಫಲ ನೋಡಿ. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಿಂದ ಗೌರವ ಡಾಕ್ಟರೇಟ್. 1964ರಲ್ಲಿ ತೀರಿಕೊಂಡರು. 1973ರಲ್ಲಿ ಎ.ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ ಬಂದು ವಚನಗಳು ಇಂಗ್ಲಿಷ್ ಓದುಗರ ಕೈ ಸೇರಿದವು. 1993ರಲ್ಲಿ ಸರ್ಕಾರವೇ ಸಮಗ್ರ ವಚನ ಸಂಪುಟಗಳನ್ನ 15 ಭಾಗಗಳಲ್ಲಿ ಪ್ರಕಟಿಸಿತು. ಈ ದೊಡ್ಡ ಕಟ್ಟಡಕ್ಕೆ ಕೈ ಹಾಕಿದವರು ಅನೇಕರು. ಬುನಾದಿ ಕಲ್ಲುಗಳನ್ನ ಹೊತ್ತು ತಂದಿದ್ದು ಬಿಜಾಪುರದ ಆ ಸೈಕಲ್ಲು. ಇವತ್ತು ನಿಮ್ಮ ವಾಟ್ಸ್‌ಆ್ಯಪ್‌ಗೆ ಬೆಳಗ್ಗೆ ಬೆಳಗ್ಗೆ ಒಂದು ವಚನ ಬಂದು ಬೀಳುತ್ತಲ್ಲ, ಕಳಿಸಿದವರಿಗೂ ಗೊತ್ತಿರದ ಒಬ್ಬ ಮನುಷ್ಯನ ಪ್ರಭಾವ ಅದು.

ನಾನು ಓದಿದ್ದು ಎಂಜಿನಿಯರಿಂಗ್. ಲ್ಯಾಬ್‌ನಲ್ಲಿ ನಾವು ಕಲಿತ ಒಂದು ಸರಳ ಪಾಠ ಇಲ್ಲಿ ಕೆಲಸಕ್ಕೆ ಬರುತ್ತೆ. ಆಂಪ್ಲಿಫೈಯರ್ ಸಿಗ್ನಲ್ ಹುಟ್ಟಿಸೋದಿಲ್ಲ. ಇರೋದನ್ನ ದೊಡ್ಡದು ಮಾಡುತ್ತೆ. ಸಿಗ್ನಲ್ ಇದ್ದರೆ ಸಿಗ್ನಲ್ ದೊಡ್ಡದಾಗುತ್ತೆ, ಗದ್ದಲ ಇದ್ದರೆ ಗದ್ದಲ ದೊಡ್ಡದಾಗುತ್ತೆ. ಸೋಷಿಯಲ್ ಮೀಡಿಯಾ ಒಂದು ಭಾರಿ ಆಂಪ್ಲಿಫೈಯರ್. ಅದರ ವಾಲ್ಯೂಮ್ ತಿರುಗಿಸೋದು ಹೇಗೆ ಅಂತ ಕಲಿಸೋ ಕೋರ್ಸುಗಳು ಬೇಕಾದಷ್ಟಿವೆ. ಅದರೊಳಗೆ ಏನು ಹಾಕ್ತೀರಿ ಅನ್ನೋ ಪ್ರಶ್ನೆಗೆ ಕೋರ್ಸ್ ಇಲ್ಲ.

ಹಾಗಂತ ಮನೆಯಲ್ಲಿ ಕೂತು ಬರೆದಿಟ್ಟರೆ ಜನ ತಾವಾಗಿ ಬರ್ತಾರಾ? ಅದೂ ಇಲ್ಲ. ಗಳಗನಾಥರನ್ನ ನೋಡಿ. ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹಾವೇರಿ ಸೀಮೆಯವರು. ಊರಿನ ಹೆಸರೇ ಕಾವ್ಯನಾಮ. ಕನ್ನಡಕ್ಕೆ ಕಾದಂಬರಿ ಓದುವ ಅಭ್ಯಾಸ ಹಿಡಿಸಿದವರಲ್ಲಿ ದೊಡ್ಡವರು. ಬರೆದ ಪುಸ್ತಕಗಳನ್ನ ತಲೆಮೇಲೆ ಹೊತ್ತು ಊರೂರಿಗೆ ಹೋಗಿ ಮಾರಿದರು. ಇದೂ ಪ್ರಚಾರವೇ. ಆದರೆ ಆ ಪ್ರಚಾರದಲ್ಲಿ ಲೇಖಕ ಓದುಗನ ಮುಖ ನೋಡ್ತಿದ್ದ. ಪುಸ್ತಕ ಚೆನ್ನಾಗಿಲ್ಲ ಅಂದರೆ ಮುಂದಿನ ಸಲ ಅದೇ ಬಾಗಿಲಿಗೆ ಹೋಗಿ ನಿಲ್ಲೋದು ಹೇಗೆ? ಆ ಅಂಜಿಕೆ ಇದೆಯಲ್ಲ, ಅದು ಬರೆಯುವವನನ್ನ ನೆಟ್ಟಗೆ ಇಡುತ್ತೆ.

ನೀವು ಕೇಳಬಹುದು, ಹೆಸರನ್ನೇ ಬಂಡವಾಳ ಮಾಡಿಕೊಂಡು ಗೆದ್ದವರು ಇಲ್ವಾ ಅಂತ. ಇದ್ದಾರೆ. 1980. ಬೆಂಗಳೂರಿನಲ್ಲಿ ಒಂದು ವಾರಪತ್ರಿಕೆ ಶುರುವಾಯ್ತು. ಹೆಸರು ‘ಲಂಕೇಶ್ ಪತ್ರಿಕೆ’. ಸಂಪಾದಕ ಪಿ. ಲಂಕೇಶ್. ಪತ್ರಿಕೆಯ ತಲೆಯ ಮೇಲೇ ತನ್ನ ಹೆಸರು! ಇದಕ್ಕಿಂತ ದೊಡ್ಡ ಪರ್ಸನಲ್ ಬ್ರ್ಯಾಂಡ್ ಬೇಕಾ? ಆದರೆ ಆ ಹೆಸರಿಗೆ ತೂಕ ಬಂದಿದ್ದು ಒಂದು ಕಠಿಣ ನಿರ್ಧಾರದಿಂದ. ಜಾಹೀರಾತು ತಗೊಳ್ಳೋದಿಲ್ಲ. ಓದುಗ ಕೊಟ್ಟ ದುಡ್ಡಿನಲ್ಲೇ ಪತ್ರಿಕೆ ನಡೀಬೇಕು. ಹಾಗಾಗಿ ಯಾವ ಜಾಹೀರಾತುದಾರನಿಗೂ ಆ ಪತ್ರಿಕೆಯ ಬಾಯಿ ಮುಚ್ಚಿಸೋಕೆ ದಾರಿಯೇ ಇರಲಿಲ್ಲ.

ಇನ್ನೊಂದು ಮಾತು. ತನ್ನ ಹೆಸರಿನ ಪತ್ರಿಕೆಯಲ್ಲಿ ಲಂಕೇಶ್ ಯಾರಿಗೆಲ್ಲ ಜಾಗ ಕೊಟ್ಟರು? ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಧಾರಾವಾಹಿಯಾಗಿ ಬಂದಿದ್ದು ಅಲ್ಲಿ. ಹಾಸನದ ಬಾನು ಮುಷ್ತಾಕ್ ಅದೇ ಪತ್ರಿಕೆಗೆ ವರದಿಗಾರ್ತಿಯಾಗಿದ್ದರು. 2025ರಲ್ಲಿ ದೀಪಾ ಭಾಸ್ತಿ ಅವರ ಅನುವಾದದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಇಡೀ ಕರ್ನಾಟಕ ಸಂಭ್ರಮಿಸಿತು. ಅದು ಬಾನು ಅವರ ಗೆಲುವು, ದೀಪಾ ಅವರ ಗೆಲುವು. ಆದರೆ ಒಬ್ಬ ಸಂಪಾದಕ ತೀರಿಕೊಂಡ ಇಪ್ಪತ್ತೈದು ವರ್ಷದ ನಂತರ, ಅವನ ಪತ್ರಿಕೆಯಲ್ಲಿ ಕೆಲಸ ಮಾಡಿದವರು ಜಗತ್ತಿನ ಮುಂದೆ ನಿಂತು ಕನ್ನಡದ ಹೆಸರು ಹೇಳಿದರಲ್ಲ, ಪ್ರಭಾವದ ಬೇರು ಎಷ್ಟು ಆಳಕ್ಕೆ ಇಳಿಯುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಈಗ ಇದರ ಎದುರಿಗೆ ಇನ್ನೊಂದು ಚರಿತ್ರೆ ಇಡ್ತೀನಿ. 2018ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ತನಿಖಾ ವರದಿ ಪ್ರಕಟಿಸಿತು. ಡೆವುಮಿ ಅನ್ನೋ ಕಂಪನಿ ದುಡ್ಡಿಗೆ ಟ್ವಿಟರ್ ಫಾಲೋವರ್‌ಗಳನ್ನ ಮಾರ್ತಿತ್ತು. ಅವು ನಕಲಿ ಖಾತೆಗಳು. ಕೆಲವಕ್ಕೆ ನಿಜವಾದ ಜನರ ಹೆಸರು, ಫೋಟೋ ಕದ್ದು ಅಂಟಿಸಿದ್ದರು. ಅದೇ ವರ್ಷ ಜುಲೈನಲ್ಲಿ ಟ್ವಿಟರ್ ಅನುಮಾನದ ಖಾತೆಗಳನ್ನ ಲೆಕ್ಕದಿಂದ ತೆಗೆದಾಗ, ದೊಡ್ಡ ದೊಡ್ಡವರ ಫಾಲೋವರ್ ಸಂಖ್ಯೆ ರಾತ್ರೋರಾತ್ರಿ ಕುಸಿದು ಬಿತ್ತು. ಕಾಸು ಕೊಟ್ಟು ಕೂಲಿ ಜನ ಕರೆಸಿ ಸಮಾವೇಶ ಮಾಡ್ತಾರಲ್ಲ, ಅದರ ಡಿಜಿಟಲ್ ಆವೃತ್ತಿ.

ಜನ ನಿಜವಾದವರೇ ಇದ್ದರೂ ಜಾಗ ನಮ್ಮದಲ್ಲ. 2020ರ ಜೂನ್ 29. ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನ ನಿಷೇಧಿಸಿತು. ಅದು ದೇಶದ ಭದ್ರತೆಯ ಪ್ರಶ್ನೆ, ಅದರ ಚರ್ಚೆ ಬೇರೆ. ಆದರೆ ಹಳ್ಳಿ ಹಳ್ಳಿಯಲ್ಲಿ ಹುಟ್ಟಿದ್ದ ಸ್ಟಾರ್‌ಗಳಿಗೆ ಮರುದಿನ ಬೆಳಗ್ಗೆ ಎದ್ದಾಗ ಲಕ್ಷಾಂತರ ಫಾಲೋವರ್ಸ್ ಇರಲಿಲ್ಲ. ಕೈಯಲ್ಲಿ ಬೇರೆ ವಿದ್ಯೆ ಇದ್ದವರು, ಜನರ ಮನಸ್ಸಿನಲ್ಲಿ ಉಳಿದವರು ಬೇರೆ ಕಡೆ ಹೋಗಿ ಮತ್ತೆ ಎದ್ದು ನಿಂತರು. ಉಳಿದವರು ಎಲ್ಲಿ ಹೋದರು? ಹಳಕಟ್ಟಿಯವರು ಮನೆ ಮಾರಿ ಪ್ರೆಸ್ ತಗೊಂಡಿದ್ದು ಯಾಕೆ ಅನ್ನೋದು ಇಲ್ಲಿ ಅರ್ಥವಾಗುತ್ತೆ.

ಇನ್ನು ನಂಬಿಕೆಯ ಮಾತು. ದುಡ್ಡು ತಗೊಂಡು ಹೊಗಳಿದರೆ ಹಾಗಂತ ಬಹಿರಂಗವಾಗಿ ಹೇಳಬೇಕು ಅಂತ 2021ರಲ್ಲಿ ಜಾಹೀರಾತು ಗುಣಮಟ್ಟ ಮಂಡಳಿ ನಿಯಮ ತಂದಿತು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ಕೊಟ್ಟಿತು. ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ. ಯೋಚನೆ ಮಾಡಿ, ನೋಡುಗರಿಗೆ ನಿಜ ಹೇಳಿ ಅಂತ ಕಾನೂನು ಬಂದು ಹೇಳಬೇಕಾಯ್ತು.

ಇದು ಬರೀ ರೀಲ್ಸ್ ಮಾಡುವವರ ಕಥೆಯಲ್ಲ. ಟಿವಿಯಲ್ಲಿ ಕೂರುವ ನನ್ನಂಥವರ ಕಥೆಯೂ ಹೌದು. ನನ್ನ ಮುಖ ನಿಮಗೆ ಪರಿಚಯವಾಗಿರೋದರಲ್ಲಿ ಚಾನೆಲ್ಲಿನ ಲೋಗೋ, ಲೈಟು, ಕ್ಯಾಮೆರಾ, ರಾತ್ರಿ ಒಂಬತ್ತರ ಹೊತ್ತು ಎಲ್ಲದರ ಪಾಲಿದೆ. ಅವನ್ನೆಲ್ಲ ಕಳೆದ ಮೇಲೆ ಉಳಿಯೋದೆಷ್ಟು? ಅದೇ ನನ್ನ ನಿಜವಾದ ಹೆಸರು. ಟಿಆರ್‌ಪಿ ಅದನ್ನ ಅಳೆಯೋದಿಲ್ಲ, ಫಾಲೋವರ್ ಸಂಖ್ಯೆಯೂ ಅಳೆಯೋದಿಲ್ಲ.

ಹಾಗಾಗಿ ಕಾಲೇಜಿನ ಹುಡುಗರಿಗೆ ನಾನು ಹೇಳೋದು ಇಷ್ಟು. ಅಕೌಂಟ್ ಮಾಡಿ, ಧಾರಾಳವಾಗಿ ಮಾಡಿ. ಕ್ಯಾಮೆರಾ ಮುಂದೆ ನಿಲ್ಲಿ, ನಾಚಿಕೊಳ್ಳಬೇಡಿ. ಆದರೆ ನಿಮ್ಮ ಮುಖಕ್ಕಿಂತ ದೊಡ್ಡದಾದ ಒಂದು ವಿಷಯ ಹಿಡಿಯಿರಿ. ನಿಮ್ಮೂರಿನ ಕೆರೆ ಇರಬಹುದು, ಅಜ್ಜಿ ಹೇಳೋ ಹಾಡಿರಬಹುದು, ಹತ್ತನೇ ಕ್ಲಾಸಿನ ಗಣಿತ ಇರಬಹುದು, ದಾಳಿಂಬೆಗೆ ಬರೋ ರೋಗ ಇರಬಹುದು. ಅದನ್ನ ಹತ್ತು ವರ್ಷ ಬಿಡದೆ, ಸುಳ್ಳು ಸೇರಿಸದೆ ಹೇಳಿ. ಅದರ ಬಗ್ಗೆ ನಿಮಗಿಂತ ಚೆನ್ನಾಗಿ ಬಲ್ಲವರು ಸಿಕ್ಕರೆ ಅವರನ್ನ ಕರೆದು ನಿಮ್ಮ ಜಾಗದಲ್ಲಿ ಕೂರಿಸಿ, ಮೈಕ್ ಅವರ ಕೈಗೆ ಕೊಡಿ. ಒಂದಲ್ಲ ಒಂದು ದಿನ ಯಾರಿಗೋ ಆ ವಿಷಯದಲ್ಲಿ ಕಷ್ಟ ಬರುತ್ತೆ. ಅವರ ಪಕ್ಕದಲ್ಲಿದ್ದವರು ನಿಮ್ಮ ಹೆಸರು ಹೇಳಿ, ಅವರನ್ನ ಕೇಳಿ ನೋಡು, ಸುಳ್ಳು ಹೇಳೋದಿಲ್ಲ ಅಂತಾರೆ.