ವ್ಯಾಯಾಮಾಚಾರ್ಯ ಹ್ಯಾರಿ ಬಕ್

ಮಂಡ್ಯದ ಸಮೀಪದಲ್ಲಿರುವ ವಿ.ಸಿ. ಫಾರಂ, ವಿಶ್ವೇಶ್ವರಯ್ಯ ನಾಲೆಯ ಹೆಸರನ್ನೇ ಹೊತ್ತ ಕೃಷಿಕ್ಷೇತ್ರ. ಆ ಹೊಲಗಳ ಕೀರ್ತಿಯು ಅಲ್ಲಿಯ ಕಣದಲ್ಲಿ ರಾಶಿಯಾದ ಕಾಳಿನಿಂದ ಬಂದುದಲ್ಲ. ಅಲ್ಲಿಂದ ಹೊರಟು ಊರೂರಿನ ರೈತರ ಹೊಲಗಳನ್ನು ಸೇರಿದ ಬಿತ್ತನೆಯಿಂದ ಬಂದುದು. ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ಪಡೆದುದೂ ಅಲ್ಲಿಯೇ. ಉಣ್ಣುವವನು ಬಿತ್ತನೆಯನ್ನು ಸಿದ್ಧಪಡಿಸಿದವನನ್ನು ನೆನೆಯುವುದು ಅಪರೂಪ. ಕ್ರೀಡಾಶಿಕ್ಷಣದ ಕ್ಷೇತ್ರದಲ್ಲಿ ಇಂತಹ ಬಿತ್ತನೆಯ ಕೆಲಸವನ್ನು ಮಾಡಿದವರು ಮದರಾಸಿನ ಹ್ಯಾರಿ ಕ್ರೋ ಬಕ್ ಎಂಬವರು.

ಅವರ ಕಾರ್ಯದ ಮಹತ್ವವನ್ನು ತಿಳಿಯಲು 1920ನೆಯ ಇಸವಿಯ ಸ್ಥಿತಿಯನ್ನು ನೋಡಬೇಕು. ಆ ವರ್ಷ ಸರ್ ದೊರಾಬ್ಜಿ ತಾತಾ ಅವರ ನೆರವಿನಿಂದ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದಿಂದ ಹೋದವರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರೂ ಒಬ್ಬರು. ಅವರು 26 ಮೈಲಿಗೂ ಮಿಕ್ಕ ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷಗಳಲ್ಲಿ ಮುಗಿಸಿ 19ನೆಯವರಾದರು. ಕಾಲ್ಬಲವುಳ್ಳವರು ದೇಶದಲ್ಲಿ ಇದ್ದೇ ಇದ್ದರು. ಆ ಬಲವನ್ನು ಶಾಸ್ತ್ರೀಯವಾಗಿ ತಿದ್ದುವ ಶಿಕ್ಷಕರು ವಿರಳರಾಗಿದ್ದರು. ಶಾಲೆಗಳಲ್ಲಿ ವ್ಯಾಯಾಮವೆಂದರೆ ಬಹುಮಟ್ಟಿಗೆ ಸಿಪಾಯಿಗಳ ಕವಾಯತೇ ಆಗಿತ್ತು.

ಅದೇ 1920ರಲ್ಲಿ ಬಕ್ ಅವರು ಮದರಾಸಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ಆಶ್ರಯದಲ್ಲಿ ವ್ಯಾಯಾಮಶಿಕ್ಷಕರ ಶಾಲೆಯೊಂದನ್ನು ತೆರೆದರು. 1884ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಜನಿಸಿದ ಅವರು ಕಲಿತದ್ದು ಸ್ಪ್ರಿಂಗ್‌ಫೀಲ್ಡಿನ ಕಾಲೇಜಿನಲ್ಲಿ. 1891ರಲ್ಲಿ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಆಟವನ್ನು ಕಲ್ಪಿಸಿದ್ದೂ ಆ ವಿದ್ಯಾಲಯದಲ್ಲಿಯೇ. 1919ರಲ್ಲಿ ಮದರಾಸಿಗೆ ಬಂದಿಳಿದ ಬಕ್ ಅವರ ಶಾಲೆಯಲ್ಲಿ ಮೊದಲು ಇದ್ದ ವಿದ್ಯಾರ್ಥಿಗಳು ಬೆರಳೆಣಿಕೆಯವರು. ಮುಂದೆ ಅದು ಕಾಲೇಜಾಗಿ ಬೆಳೆದು, ಸೈದಾಪೇಟೆಯಲ್ಲಿ ಅಡಯಾರು ನದಿಯ ಬದಿಯ ವಿಶಾಲವಾದ ಬಯಲಿನಲ್ಲಿ ನೆಲೆಗೊಂಡಿತು.

ಓಟ, ನೆಗೆತ, ಚೆಂಡಾಟಗಳ ಜೊತೆಗೆ ಶರೀರರಚನೆ, ಆರೋಗ್ಯಶಾಸ್ತ್ರ, ಬೋಧನಕ್ರಮ ಇವೂ ಅಲ್ಲಿ ಪಾಠವಾದುವು. ಬಕ್ ಅವರು ಪರದೇಶದ ಆಟಗಳನ್ನು ತಂದರೂ ಇಲ್ಲಿಯ ಗರಡಿಯನ್ನು ತುಚ್ಛೀಕರಿಸಲಿಲ್ಲ; ದೇಶೀಯ ವ್ಯಾಯಾಮಗಳಿಗೂ ಆಟಗಳಿಗೂ ಶಿಕ್ಷಣದಲ್ಲಿ ಸ್ಥಾನವನ್ನಿತ್ತರು. ಆಟಗಳ ನಿಯಮಗಳನ್ನು ಸಂಗ್ರಹಿಸಿ ಇಂಗ್ಲಿಷಿನಲ್ಲಿ ಪುಸ್ತಕವನ್ನೂ ಪ್ರಕಟಿಸಿದರು. ವ್ಯಾಕರಣಕ್ಕೆ ಸೂತ್ರವು ಹೇಗೋ ಆಟಕ್ಕೆ ನಿಯಮವು ಹಾಗೆ. ಊರಿಗೊಂದು ಕಟ್ಟಳೆಯಿದ್ದರೆ ಎರಡೂರಿನ ಹುಡುಗರು ಎದುರಾಳಿಗಳಾಗಿ ನಿಲ್ಲುವುದೇ ಕಷ್ಟವಲ್ಲವೆ?

1924ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ ಎಂಟು ಮಂದಿ ಭಾರತೀಯ ಓಟಗಾರರ ಮತ್ತು ನೆಗೆತಗಾರರ ತಂಡಕ್ಕೆ ಬಕ್ ಅವರೇ ವ್ಯವಸ್ಥಾಪಕರು. ತಂಡವು ಪದಕವಿಲ್ಲದೆ ಹಿಂದಿರುಗಿತು. ಬಕ್ ಅವರು ಅದರಿಂದ ಎದೆಗುಂದಲಿಲ್ಲ. ವೈ.ಎಂ.ಸಿ.ಎ.ಯ ಸಹೋದ್ಯೋಗಿ ಡಾಕ್ಟರ್ ನೋರೆನ್ ಅವರೊಡನೆ ದೇಶವನ್ನು ಸುತ್ತಿ, ಪ್ರಾಂತಗಳಲ್ಲಿ ಕ್ರೀಡಾಸಂಘಗಳು ಏರ್ಪಡುವಂತೆ ಶ್ರಮಿಸಿದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯು ಸ್ಥಾಪಿತವಾಯಿತು. ಗೆದ್ದ ಪದಕಗಳನ್ನೇ ಎಣಿಸುವವರಿಗೆ ಈ ಅಲೆದಾಟದ ಬೆಲೆಯು ತಿಳಿಯುವಂತಿಲ್ಲ.

1943ರಲ್ಲಿ ಬಕ್ ಅವರು ಕಾಲವಾದರು. ಅವರ ವಿದ್ಯಾಲಯವು ಇಂದಿಗೂ ನಡೆಯುತ್ತಿದೆ. ದ್ರೋಣಾಚಾರ್ಯರ ಹೆಸರು ಅರ್ಜುನನೊಬ್ಬನಿಂದ ಬೆಳಗಿತು. ಬಕ್ ಅವರ ಹೆಸರಿಗೆ ಅಂತಹ ಅರ್ಜುನನಿಲ್ಲ. ಅವರು ಸಿದ್ಧಪಡಿಸಿದ್ದು ದ್ರೋಣರನ್ನು. ಆ ದ್ರೋಣರಾದರೋ ಹೆಸರಿಲ್ಲದೆ ಶಾಲೆಯ ಬಯಲುಗಳಲ್ಲಿ ಸೀಟಿ ಹಿಡಿದು ಬಿಸಿಲಿನಲ್ಲಿ ನಿಂತವರು. ಪರೀಕ್ಷೆಯು ಸಮೀಪಿಸಿದೊಡನೆ ಅವರ ಗಂಟೆಯನ್ನು ಗಣಿತಕ್ಕೆ ಎರವು ಕೊಡುವ ಶಾಲೆಗಳು ಇಂದಿಗೂ ಇವೆ. ಬಿತ್ತನೆಯ ಕಾಳನ್ನು ಊಟಕ್ಕೆ ತೆಗೆಯುವ ಮನೆಯವರು ಮುಂದಿನ ಮಳೆಗೆ ಏನು ಮಾಡುವರೆಂಬುದನ್ನು ನಾಲೆಯ ಬಯಲಿನ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಾಲೆಯನ್ನು ನಡೆಸುವವರು ಅದನ್ನು ಆತನಿಂದ ಕಲಿಯಬಹುದು.