ಬಾಲ್ಯದ ನೋವು, ಮಿದುಳಿನ ನೆನಪು

ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದವರಾದರೆ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಕಡೆಯಿಂದ ಬರುವ ಚಕ್ಕಡಿಗಳನ್ನೂ ‘ಉಧೋ ಉಧೋ’ ಎಂಬ ಕೂಗನ್ನೂ ನೀವು ಬಲ್ಲಿರಿ. ಆ ಭಕ್ತಿಯ ಮಗ್ಗುಲಲ್ಲೇ ಒಂದು ನೋವಿನ ಚರಿತ್ರೆಯೂ ಇದೆ. ಕಡುಬಡವರ, ಹೆಚ್ಚಾಗಿ ದಲಿತರ ಮನೆಯ ಹೆಣ್ಣುಮಕ್ಕಳಿಗೆ, ಅನೇಕ ವೇಳೆ ಮೈನೆರೆಯುವ ಮೊದಲೇ, ಕೆಂಪು-ಬಿಳಿ ಮಣಿಗಳ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುತ್ತಿದ್ದರು. ಮಗುವಿನ ಕೂದಲು ಜಡೆಗಟ್ಟಿದರೆ ಅದೇ ದೇವಿಯ ಕರೆ ಎಂದು ನಂಬಿದವರಿದ್ದರು.

ಇದನ್ನು ತಡೆಯಲು ಮುಂಬಯಿ ಶಾಸನಸಭೆ 1934ರಲ್ಲಿ ಕಾನೂನು ಮಾಡಿತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ರಾಮದುರ್ಗ ಮಾತ್ರ 1948ರವರೆಗೆ ಪ್ರತ್ಯೇಕ ಸಂಸ್ಥಾನ. ಮುಂಬಯಿಯ ಕಾನೂನು ಅಲ್ಲಿಗೆ ನೇರವಾಗಿ ಸಲ್ಲುತ್ತಿರಲಿಲ್ಲ. ಕರ್ನಾಟಕದ 1982ರ ಕಾಯಿದೆ ಇನ್ನೂ ಕಠಿಣವಾಗಿತ್ತು: ಮಗಳನ್ನು ಅರ್ಪಿಸಿದ ತಂದೆತಾಯಿಗೆ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಿತ್ತು. ಆದರೂ ಗುಟ್ಟಾಗಿ ಮುತ್ತು ಕಟ್ಟುವುದು ನಿಲ್ಲಲಿಲ್ಲ.

ಅಪರಾಧಕ್ಕೇನೋ ಶಿಕ್ಷೆ ಗೊತ್ತಾಯಿತು. ಆದರೆ ಆಗಲೇ ಮುತ್ತು ಕಟ್ಟಿಸಿಕೊಂಡಿದ್ದ ಹುಡುಗಿಯ ಒಳಗೆ ಏನಾಯಿತು? ಇದಕ್ಕೆ ಉತ್ತರ ಬೇರೊಂದು ಚರಿತ್ರೆಯಲ್ಲಿದೆ.

ಮುಂಬಯಿ ಕಾನೂನು ಬಂದ ಎರಡೇ ವರ್ಷಕ್ಕೆ, 1936ರಲ್ಲಿ, ಕೆನಡಾದಲ್ಲಿದ್ದ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲೆ ಪ್ರಯೋಗ ನಡೆಸಿ, ಯಾವ ಬಗೆಯ ಪೀಡೆಯಾದರೂ ದೇಹ ಒಂದೇ ರೀತಿ ತತ್ತರಿಸುತ್ತದೆ ಎಂದು ತೋರಿಸಿದರು. ಭಯವಾದಾಗ ಮೂತ್ರಪಿಂಡಗಳ ಮೇಲಿನ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸುರಿಸುತ್ತವೆ. ಅಪಾಯ ಕಳೆದ ಮೇಲೆ ಅದು ಇಳಿಯಬೇಕು. ಅಪಾಯ ಮನೆಯೊಳಗೇ ಇದ್ದರೆ, ದಿನವೂ ಬಂದರೆ, ಈ ಏರಿಳಿತದ ಹದ ತಪ್ಪುತ್ತದೆ.

1968ರಲ್ಲಿ ಅಮೆರಿಕದ ಬ್ರೂಸ್ ಮ್ಯಾಕ್‌ಇವನ್ ಮತ್ತು ಸಂಗಡಿಗರು, ಇಲಿಯ ಇಂಥದೇ ಹಾರ್ಮೋನು ಮಿದುಳಿನ ಹಿಪೊಕ್ಯಾಂಪಸ್ ಭಾಗಕ್ಕೆ ಅಂಟಿಕೊಳ್ಳುವುದನ್ನು ಕಂಡರು. ನೆನಪಿಗೆ ಆಧಾರವಾದ ಭಾಗವದು. ಒತ್ತಡಕ್ಕೆ ಕಡಿವಾಣ ಹಾಕುವುದೂ ಅದರ ಕೆಲಸ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಖಿನ್ನತೆಯಿಂದ ಬಳಲುತ್ತಿದ್ದ ಮಹಿಳೆಯರ ಪೈಕಿ ಬಾಲ್ಯದಲ್ಲಿ ದೌರ್ಜನ್ಯ ಕಂಡವರ ಎಡಗಡೆಯ ಹಿಪೊಕ್ಯಾಂಪಸ್ ಉಳಿದವರದಕ್ಕಿಂತ ಸರಾಸರಿ ಶೇ. 18ರಷ್ಟು ಚಿಕ್ಕದಾಗಿತ್ತು.

ಇದು ಸರಾಸರಿಯ ಮಾತು. ನೊಂದ ಮಕ್ಕಳೆಲ್ಲರೂ ಖಿನ್ನತೆಗೆ ಬೀಳುವುದಿಲ್ಲ. ಬಿದ್ದವರಿಗೂ ಏಳುವ ದಾರಿಯುಂಟು. ಔಷಧ, ಆಪ್ತಸಮಾಲೋಚನೆ, ಭಯವಿಲ್ಲದ ಮನೆ, ನಂಬುವ ಒಂದು ಜೀವ ಇವೆಲ್ಲ ನೆರವಾಗುತ್ತವೆ. ಧಾರವಾಡದ ಡಿಮ್ಹಾನ್ಸ್ ಈ ನಾಲ್ಕೂ ಊರಿನವರಿಗೆ ದೂರವಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಫೋನು ಮಾಡಿದರೆ ಹಣ ತೆರದೆ ಸಲಹೆ ಪಡೆಯಬಹುದು.

ನಿಮ್ಮ ಓಣಿಯಲ್ಲಿ ಮಂಕಾಗಿ ಕುಳಿತ, ನಿದ್ದೆ ಬಾರದ ಅಂಥ ತಾಯಿಯೊಬ್ಬಳಿದ್ದರೆ, ‘ದೇವಿಯ ಕಾಟ’, ‘ಹಣೆಬರಹ’ ಎಂದು ಕೈಬಿಡಬೇಡಿ. ಆಕೆಯ ಹಣೆಯಲ್ಲಿ ಅದನ್ನು ಬರೆದವರು ಮನುಷ್ಯರು. ಅಳಿಸಲು ಕೈಜೋಡಿಸಬೇಕಾದವರೂ ಮನುಷ್ಯರೇ.